ತಳದ ಚಳಿಗೆ ಹೊಲಿದ ಅಂಗಿ

ನವೆಂಬರ್ 3

ಪ್ರೀತಿಯ ಮರಿ,

ಮೊದಲು ಪೆಟ್ಟಿಗೆ ಬಿಚ್ಚು, ಕಾಗದ ಆಮೇಲೆ ಓದು. ಇದನ್ನು ಓದುತ್ತಿದ್ದೀಯ ಎಂದರೆ ಮೊದಲ ಮಾತೇ ಕೇಳಿಲ್ಲ ಎಂದಾಯಿತು. ಇರಲಿ, ಹೊಸದೇನಲ್ಲ.

ಪೆಟ್ಟಿಗೆಯಲ್ಲಿರುವುದು ನಿನ್ನ ಅಕ್ಕ ಇಷ್ಟು ವರ್ಷದಲ್ಲಿ ಹೊಲಿದ ವೆಟ್‌ಸೂಟುಗಳಲ್ಲೆಲ್ಲ ಒಳ್ಳೆಯದು. ನಾನೇ ಹೇಳಿಕೊಳ್ಳಬೇಕಾಗಿದೆ, ಯಾಕೆಂದರೆ ನಿನ್ನ ಭಾವ ಹೊಗಳುವುದರಲ್ಲಿ ಮಹಾ ಜಿಪುಣರು. ಇಲ್ಲಿ ಹಡಗಿನ ತಳ ಕೆರೆಯುವ ಡೈವರುಗಳಿಗೆ ಮೂರು ಮಿಲಿಮೀಟರ್ ರಬ್ಬರು ಸಾಕು. ನಿನಗೆ ಏಳು ಹಾಕಿದ್ದೇನೆ, ಎದೆಗೆ ಇಮ್ಮಡಿ. ಅಂಚುಗಳಿಗೆ ಮೂರು ಸಲ ಅಂಟು ಬಳಿದು, ಮೇಲೆ ಹೊಲಿಗೆ. ಸೂಜಿ ರಬ್ಬರಿನ ಅರ್ಧಕ್ಕೆ ಹೋಗಿ ಹಿಂದಕ್ಕೆ ತಿರುಗಬೇಕು, ಆಚೆ ಬದಿಗೆ ತೂತು ಬೀಳಬಾರದು. ಎಲ್ಲಾದರೂ ಒಂದು ತೂತು ತೋರಿಸು, ಅಂಗಡಿ ಮುಚ್ಚುತ್ತೇನೆ.

ನಿನ್ನ ಎಡಭುಜ ಬಲಕ್ಕಿಂತ ಸ್ವಲ್ಪ ತಗ್ಗು. ಶಾಲೆಯ ಚೀಲ ಒಂದೇ ಕಡೆ ನೇತುಹಾಕಿಕೊಳ್ಳಬೇಡ ಎಂದು ಬಡಿದುಕೊಂಡೆ, ಕೇಳಿದ್ದರೆ ತಾನೆ. ಆ ತಗ್ಗನ್ನೂ ಹಿಡಿದು ಕತ್ತರಿಸಿದ್ದೇನೆ. ಜಗತ್ತಿನಲ್ಲಿ ಬೇರೆ ಯಾರಿಗೂ ಇದು ಸರಿಯಾಗಿ ಕೂರುವುದಿಲ್ಲ.

ಕಳಿಸುವ ಮುಂಚೆ ಅಂಗಡಿಯ ಬಾಗಿಲಲ್ಲಿ ತೂಗುಹಾಕಿದ್ದೆ. ಬಂದರಿನವರೆಲ್ಲ ಬಂದು ಮುಟ್ಟಿ ನೋಡಿದರು. ನನ್ನ ತಮ್ಮ ಬೆಟ್ಟದ ಸರೋವರದಲ್ಲಿ ರಕ್ಷಣಾ ದಳಕ್ಕೆ ಸೇರಿದ್ದಾನೆ, ಯಾರೂ ಇಳಿಯದ ತಣ್ಣೀರಿಗೆ ನನ್ನ ಸೂಟು ಹಾಕಿಕೊಂಡು ಇಳಿಯುತ್ತಾನೆ ಎಂದು ಕೇಳಿದವರಿಗೂ ಹೇಳಿದೆ, ಕೇಳದವರಿಗೂ ಹೇಳಿದೆ.

ಅಲ್ಲಿ ಫೋನು ಸಿಗುವುದಿಲ್ಲ ಎಂದು ಭಾವ ಪೇಚಾಡಿದರು. ನನಗೇನೋ ಸಮಾಧಾನವೇ ಆಯಿತು. ಫೋನಿನಲ್ಲಿ ನೀನು ಹೂಂ, ಊಹೂಂ ಬಿಟ್ಟು ಮೂರನೆಯ ಮಾತು ಆಡಿದವನಲ್ಲ. ಈಗ ಬರೆಯಲೇಬೇಕು. ಬರೀ ‘ಚೆನ್ನಾಗಿದೆ’ ಎಂದು ಬರೆದು ಕೈತೊಳೆದುಕೊಳ್ಳಬೇಡ.

ನಿನ್ನ ಅಕ್ಕ

* * *

ನವೆಂಬರ್ 19

ಅಕ್ಕ,

ಸೂಟು ತುಂಬಾ ಚೆನ್ನಾಗಿದೆ. ಬರೀ ‘ಚೆನ್ನಾಗಿದೆ’ ಎಂದು ಬರೆಯಬೇಡ ಎಂದಿದ್ದೆಯಲ್ಲ.

ಭುಜ ಕೂತಿರುವ ಬಗೆ ನೋಡಿ ಇಲ್ಲಿನವರೆಲ್ಲ ಯಾರು ಹೊಲಿದದ್ದು ಎಂದು ಕೇಳಿದರು. ಹೇಳಿದೆ. ಎಲ್ಲೂ ತೂತಿಲ್ಲ, ಅಂಗಡಿ ನಡೆಸಿಕೊಂಡು ಹೋಗಬಹುದು.

ಇಲ್ಲಿ ನಾವು ಆರು ಜನ. ಒಂದೇ ಉದ್ದನೆಯ ಕೋಣೆ, ಮಧ್ಯೆ ಒಲೆ, ಒಲೆಯ ಸುತ್ತ ಒಣಗಲು ಹಾಕಿದ ಕಾಲುಚೀಲಗಳು. ವಾಸನೆಯ ಬಗ್ಗೆ ಬರೆಯುವುದಿಲ್ಲ. ವಾರಕ್ಕೊಮ್ಮೆ ಸಾಮಾನಿನ ಗಾಡಿ ಬರುತ್ತದೆ, ಕಾಗದಗಳನ್ನೂ ಅದೇ ಒಯ್ಯುತ್ತದೆ. ದಳದ ಮುಖ್ಯಸ್ಥೆಯನ್ನು ನಾವು ಬೆನ್ನ ಹಿಂದೆ ‘ಗಡಿಯಾರ’ ಎನ್ನುತ್ತೇವೆ. ಅವರು ಬಾಗಿಲಿಗೆ ಬಂದರೆ ಹೊತ್ತೆಷ್ಟು ಎಂದು ಯಾರೂ ನೋಡಬೇಕಾಗಿಲ್ಲ. ಅವರದೊಂದು ಪದ್ಧತಿ ಇದೆ. ನೀರಿಗೆ ಏನು ತೊಟ್ಟು ಇಳಿಯಬೇಕೆಂದು ಅವರು ಯಾರಿಗೂ ಹೇಳಿಕೊಡುವುದಿಲ್ಲ. ‘ಚಳಿ ನಿನ್ನದು, ಆಯ್ಕೇನೂ ನಿನ್ನದೇ’ ಎನ್ನುತ್ತಾರೆ. ಬೇರೆಯವರ ಮಾತು ಕೇಳಿ ತೊಟ್ಟವನು ತಳದಲ್ಲಿ ಚಳಿಯಾದಾಗ ಅವರನ್ನೇ ಬೈಯುತ್ತಾ ಕೂರುತ್ತಾನಂತೆ, ಯೋಚನೆ ಮಾಡುವುದಿಲ್ಲವಂತೆ.

ಸರೋವರದ ನೀರು ಮೇಲೆ ಅಂಥ ತಣ್ಣಗೇನಿಲ್ಲ. ಇಳಿಯುತ್ತಾ ಹೋದರೆ ಒಂದು ಕಡೆ, ಬಾಗಿಲು ತೆಗೆದು ಬೇರೆ ಕೋಣೆಗೆ ಕಾಲಿಟ್ಟ ಹಾಗೆ, ಒಮ್ಮೆಲೇ ಚಳಿ. ಅಲ್ಲಿಂದ ಕೆಳಗೆ ವರ್ಷವಿಡೀ ಹಾಗೇ ಇರುತ್ತದೆ.

ಹೋದ ವಾರ ತಳದ ಪರೀಕ್ಷೆ ನಡೆಯಿತು. ಮೂವತ್ತು ಮೀಟರ್ ಕೆಳಗೆ ಕಬ್ಬಿಣದ ಪಂಜರ, ಒಳಗೆ ಮರಳು ತುಂಬಿದ ಆಳೆತ್ತರದ ಗೊಂಬೆ. ಬಾಗಿಲಿಗೆ ತಿರುಪಿನ ಕೊಂಡಿ. ತಿರುಪು ಬಿಚ್ಚಿ ಗೊಂಬೆಯನ್ನು ಮೇಲೆ ತರಬೇಕು. ನಮ್ಮಲ್ಲೊಬ್ಬನಿಗೆ ಆಗಲಿಲ್ಲ. ತಿರುಪು ಹಿಡಿದರೆ ಬೆರಳು ಮುಚ್ಚಿಕೊಳ್ಳುವುದೇ ಇಲ್ಲವಂತೆ. ಫೆಬ್ರವರಿಯಲ್ಲಿ ಇನ್ನೊಂದೇ ಅವಕಾಶ. ಅದೂ ತಪ್ಪಿದರೆ ಅವನು ಖಾಯಂ ದಡದಲ್ಲಿ, ಸಿಲಿಂಡರಿಗೆ ಗಾಳಿ ತುಂಬಿಸಿಕೊಂಡು ಹಗ್ಗ ಹಿಡಿದುಕೊಂಡು. ಪಾಪ, ಅವನದೂ ವೆಟ್‌ಸೂಟೇ. ಉಳಿದವರೆಲ್ಲ ಡ್ರೈಸೂಟು ತೊಡುತ್ತಾರೆ. ಅದರಲ್ಲಿ ಕುತ್ತಿಗೆ, ಮಣಿಕಟ್ಟಿನ ಹತ್ತಿರ ರಬ್ಬರಿನ ಬಿಗಿಪಟ್ಟಿ ಇದ್ದು, ನೀರು ಒಳಗೆ ಬರುವುದೇ ಇಲ್ಲ.

ಸುಮ್ಮನೆ ಕೇಳುತ್ತೇನೆ, ಇದಕ್ಕಿಂತ ದಪ್ಪ ರಬ್ಬರಿನಲ್ಲಿ ಹೊಲಿಯಲು ಬರುತ್ತದೆಯೇ?

ಭಾವನಿಗೆ ನಮಸ್ಕಾರ.

ನಿನ್ನ ತಮ್ಮ

* * *

ಡಿಸೆಂಬರ್ 2

ಮರಿ,

ಆ ಹುಡುಗನ ಕಥೆ ಓದಿ ಅಯ್ಯೋ ಎನಿಸಿತು. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಸೂಟು ತೊಟ್ಟಿದ್ದಾನೆ, ಅಷ್ಟೇ ವಿಷಯ. ಸೊಂಟದಲ್ಲಿ ಸಡಿಲ, ಬೆನ್ನಲ್ಲಿ ಗುಳಿ, ಕೈ ಆಡಿಸಿದಾಗಲೆಲ್ಲ ತಣ್ಣೀರು ಒಳಗೆ ಹೊಕ್ಕು ಹೊರಟು ಹೋಗುತ್ತಿರುತ್ತದೆ. ಮೈ ಎಷ್ಟು ನೀರನ್ನು ಅಂತ ಬಿಸಿ ಮಾಡೀತು? ವೆಟ್‌ಸೂಟು ಎಂದರೆ ಒಳಗೆ ನುಸುಳಿದ ತೆಳುನೀರು ಅಲ್ಲೇ ನಿಂತು ಮೈಯ ಬಿಸಿ ಹಿಡಿಯಬೇಕು, ರಬ್ಬರಿನೊಳಗಿನ ಗಾಳಿಗುಳ್ಳೆಗಳು ಆ ಬಿಸಿಯನ್ನು ಆಚೆ ಬಿಡಬಾರದು. ಅವನನ್ನು ನನ್ನ ಹತ್ತಿರ ಕಳಿಸು, ಅಳತೆ ತೆಗೆದುಕೊಳ್ಳುತ್ತೇನೆ.

ಡ್ರೈಸೂಟಿನ ಮಾತು ನನ್ನ ಹತ್ತಿರ ಎತ್ತಬೇಡ. ನೀರಿಗಿಳಿದೂ ಒದ್ದೆಯಾಗದಿದ್ದರೆ ಅದು ಎಂಥ ಮುಳುಗು? ಚೀಲದೊಳಗೆ ಕೂತು ಪೇಟೆ ಸುತ್ತಿದ ಹಾಗೆ.

ಬಾಯಿಮಾತು ಬೇಡ ಎಂದು ಪರೀಕ್ಷೆಯನ್ನೇ ಮಾಡಿಬಿಟ್ಟೆ. ನಿನ್ನ ಸೂಟು ಕತ್ತರಿಸಿ ಉಳಿದ ಹಾಳೆಯಲ್ಲಿ ನನಗೊಂದು ಹೊಲಿದುಕೊಂಡೆ. ಬಂದರಿನ ಐಸ್ ಕಾರ್ಖಾನೆಯಲ್ಲಿ ಮೀನಿನ ಬುಟ್ಟಿ ತೊಳೆಯುವ ತೊಟ್ಟಿ ಇದೆಯಲ್ಲ, ಅದನ್ನು ತೊಳೆಸಿ, ಅರ್ಧ ನೀರು ಅರ್ಧ ಐಸು ತುಂಬಿಸಿದೆ. ಅಲ್ಲಿನ ಮೇಲ್ವಿಚಾರಕರಿಗೆ ನನ್ನ ತಲೆ ಕೆಟ್ಟಿದೆ ಎಂದು ಅನುಮಾನ. ಭಾವನಿಗೆ ಅನುಮಾನವೂ ಇಲ್ಲ. ಇಬ್ಬರೂ ತೊಟ್ಟಿಯ ಅಂಚಿನಲ್ಲಿ ನಿಂತಿದ್ದರು. ಕತ್ತಿನವರೆಗೆ ಮುಳುಗಿ ಕೂತೆ. ನಿನ್ನ ಪರೀಕ್ಷೆಗೆ ಎಷ್ಟು ಹೊತ್ತು ಬೇಕೋ ಅದಕ್ಕಿಂತ ಹೆಚ್ಚೇ ಕೂತೆ. ಎದೆ, ಬೆನ್ನು, ತೊಡೆ ಎಲ್ಲ ಬೆಚ್ಚಗೆ. ಎದ್ದು ಬಂದಾಗ ಮೇಲ್ವಿಚಾರಕರೇ ಭಲೇ ಎಂದರು.

ಆದ್ದರಿಂದ ನಿನ್ನ ಗಡಿಯಾರಕ್ಕೂ ಆ ಹುಡುಗನಿಗೂ ಹೇಳು, ತಪ್ಪು ರಬ್ಬರಿನದಲ್ಲ, ಹೊಲಿಗೆಯದು ಎಂದು. ಇನ್ನೂ ದಪ್ಪ ಬೇಕಾಗಿಲ್ಲ.

ಅಕ್ಕ

* * *

ಡಿಸೆಂಬರ್ 14

ಅಕ್ಕ,

ನೀನು ಐಸಿನಲ್ಲಿ ಕೂತದ್ದು ಓದಿ ನನಗೆ ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು. ಇನ್ನು ಸುತ್ತಿ ಬಳಸಿ ಬರೆಯುವುದಿಲ್ಲ. ಆ ಹುಡುಗ ನಾನೇ.

ಕೊಂಡಿ ಬಿಚ್ಚಲಾಗದವನು ನಾನು. ತಿರುಪು ಕಣ್ಣೆದುರಿಗೇ ಇತ್ತು, ಕೈಯೂ ಅದರ ಮೇಲೇ ಇತ್ತು, ಬೆರಳುಗಳು ಮಾತ್ರ ಬೇರೆ ಯಾರದೋ ಆಗಿದ್ದವು. ಜೊತೆಗಿಳಿದವನು ನನ್ನ ಹೆಗಲು ಹಿಡಿದು ಮೇಲೆ ಕರೆತಂದ. ದಡದಲ್ಲಿ ನನ್ನ ಹಲ್ಲು ಕಟಕಟ ಎನ್ನುತ್ತಿದ್ದುದಕ್ಕೆ ಗಡಿಯಾರ ಕೇಳಿದ್ದು ಯಾವುದೂ ನನಗೆ ಕೇಳಲಿಲ್ಲ.

ನಿನ್ನ ಹೊಲಿಗೆಯಲ್ಲಿ ತಪ್ಪಿದೆಯೇ ಎಂದು ಎಷ್ಟು ಹುಡುಕಿದೆನೋ. ತಪ್ಪಿರಲಿ ಎಂದೂ ಅನಿಸಿತು, ಇದ್ದರೆ ನೀನೇ ಸರಿಮಾಡಿಬಿಡುತ್ತಿದ್ದೆ. ಇರಲಿಲ್ಲ. ಕೊನೆಗೆ, ತೇಪೆಗೆಂದು ನೀನು ಪೆಟ್ಟಿಗೆಯಲ್ಲಿ ಇಟ್ಟಿದ್ದ ರಬ್ಬರಿನ ತುಂಡನ್ನು ತಳಕ್ಕೆ ಒಯ್ದೆ. ದಪ್ಪ ಅಳೆಯುವ ಕ್ಯಾಲಿಪರನ್ನೂ ಒಯ್ದೆ. ಮೇಲೆ ಏಳು ಮಿಲಿಮೀಟರ್ ಇದ್ದದ್ದು ತಳದಲ್ಲಿ ಮೂರು ಚಿಲ್ಲರೆ. ಮೇಲಿನ ನೀರಿನ ಭಾರಕ್ಕೆ ನೀನು ಹೇಳುವ ಗಾಳಿಗುಳ್ಳೆಗಳೆಲ್ಲ ಅಪ್ಪಚ್ಚಿಯಾಗುತ್ತವೆ, ಅಕ್ಕ. ಮೇಲೆ ಬಂದರೆ ಮತ್ತೆ ಏಳು. ಅದಕ್ಕೇ ದಡದಲ್ಲಿ ಎಷ್ಟು ಮುಟ್ಟಿ ನೋಡಿದರೂ ಗೊತ್ತಾಗುವುದಿಲ್ಲ. ಐಸಿನ ತೊಟ್ಟಿಯಲ್ಲಿ ಚಳಿ ಇತ್ತು, ಆಳ ಇರಲಿಲ್ಲ. ನಮ್ಮ ಬಂದರಿನವರು ಹಡಗಿನ ತಳದವರೆಗಷ್ಟೇ ಇಳಿಯುತ್ತಾರೆ, ಅಲ್ಲಿ ನೀರೂ ಬೆಚ್ಚಗಿರುವುದರಿಂದ ರಬ್ಬರು ಸ್ವಲ್ಪ ತೆಳುವಾದರೂ ಯಾರ ಗಮನಕ್ಕೂ ಬಂದಿಲ್ಲ. ದಪ್ಪ ಹೆಚ್ಚಿಸಿದರೂ ಅಷ್ಟೇ, ಹೆಚ್ಚಿಸಿದ್ದೂ ಅಪ್ಪಚ್ಚಿಯಾಗುತ್ತದೆ.

ದಳದ ಉಗ್ರಾಣದಲ್ಲಿ ನನ್ನ ಅಳತೆಯ ಹಳೆಯ ಡ್ರೈಸೂಟು ಒಂದಿದೆ. ಅದು ಬರೀ ತೆಳ್ಳನೆಯ ಚೀಲ, ನೀನು ಹೇಳಿದ್ದು ಸರಿಯೇ. ನೀರನ್ನು ತಡೆಯುತ್ತದೆ, ಚಳಿಯನ್ನು ತಡೆಯುವುದಿಲ್ಲ. ಬಿಸಿ ಎಲ್ಲ ಒಳಗೆ ಏನು ತೊಡುತ್ತೇವೋ ಅದರದ್ದು. ಒಳಗಿನದ್ದು ಅವರವರ ಜವಾಬ್ದಾರಿ.

ನಾನು ನೀರಿಗಿಳಿಯಬೇಕೆಂದು ಬಂದವನು. ಉಳಿದವರು ಇಳಿಯುವುದನ್ನು ಹಗ್ಗ ಹಿಡಿದು ನೋಡುತ್ತಾ ಬದುಕಲು ನನ್ನಿಂದಾಗುವುದಿಲ್ಲ. ಆದರೆ ನೀನು ಬಂದರಿಗೆಲ್ಲ ಹೇಳಿದ್ದೀಯ. ನಿನ್ನ ಸೂಟು ಕಳಚಿಟ್ಟು ಬೇರೆ ತೊಟ್ಟೆ ಎಂದು ನಿನಗೆ ಹೇಗೆ ಬರೆಯುವುದು ಎಂದು ತಿಂಗಳಿಂದ ಒದ್ದಾಡುತ್ತಿದ್ದೇನೆ. ಈಗ ಬರೆದಿದ್ದೇನೆ.

ನಿನ್ನ ತಮ್ಮ

* * *

ಡಿಸೆಂಬರ್ 28

ಅಕ್ಕ,

ಸಾಮಾನಿನ ಗಾಡಿ ಎರಡು ಸಲ ಬಂತು. ನನಗೆ ಏನೂ ಇರಲಿಲ್ಲ. ಬೈದಾದರೂ ಬರೆ.

ಪರೀಕ್ಷೆಗೆ ಏನು ತೊಡುತ್ತೇನೆಂದು ನಾನಿನ್ನೂ ಗಡಿಯಾರಕ್ಕೆ ಹೇಳಿಲ್ಲ. ನಿನ್ನ ಸೂಟು ಗೋಡೆಗೆ ತೂಗುಹಾಕಿದ್ದೇನೆ. ಅದು ನನ್ನದೇ ಆಕಾರದಲ್ಲಿ ನೇತಾಡಿಕೊಂಡು ನನ್ನನ್ನೇ ನೋಡುತ್ತಿರುತ್ತದೆ.

ತಮ್ಮ

* * *

ಜನವರಿ 2

ಮರಿ,

ಬೈಯಲು ಸಾಕಷ್ಟು ಮಾತು ಕೂಡಿಹಾಕಿಕೊಳ್ಳುತ್ತಿದ್ದೆ, ಅದಕ್ಕೇ ತಡ.

ಸೂಟು ಸೋತಿತು ಎಂದು ನನಗೆ ನೋವಾಯಿತು. ಇಲ್ಲ ಎಂದರೆ ಸುಳ್ಳಾಗುತ್ತದೆ. ಭಾವ ಊಟಕ್ಕೆ ಕರೆದರೆ ಹಸಿವಿಲ್ಲ ಎಂದೆ, ಅಂಗಡಿಯಲ್ಲಿ ಅಂಟಿನ ಡಬ್ಬಿ ತೆಗೆದು ಹಾಗೇ ಮುಚ್ಚಿಟ್ಟೆ. ಆದರೆ ಅದಕ್ಕಿಂತ ದೊಡ್ಡ ನೋವು ಬೇರೆ ಇದೆ. ನಡುಗಿಕೊಂಡು ಮೇಲೆ ಬಂದವನು, ಅದನ್ನು ಬೇರೆ ಯಾವನದೋ ಕಥೆ ಮಾಡಿ ನನಗೆ ಬರೆದೆ. ನನ್ನ ಹೊಲಿಗೆಯ ಮರ್ಯಾದೆ ಉಳಿಸಲು ನೀನು ಚಳಿಯಲ್ಲಿ ಕೂರಲಿ ಎನ್ನುವವಳೇ ನಾನು? ಅಷ್ಟು ಚಿಕ್ಕವಳೆಂದುಕೊಂಡೆಯಾ ನಿನ್ನ ಅಕ್ಕನನ್ನು? ನೀನು ಕೂಸಾಗಿದ್ದಾಗ ನಿನಗೆ ಶೀತವಾದರೆ ನಾನು ಕೆಮ್ಮುತ್ತಿದ್ದೆ ಎಂದು ಅಮ್ಮ ಹೇಳುತ್ತಿದ್ದಳು.

ಬೈದು ಮುಗಿಯಿತು. ಈಗ ನನ್ನದೂ ಒಂದಿದೆ.

ಐಸಿನ ತೊಟ್ಟಿಯಿಂದ ಎದ್ದು ಬಂದೆ ಎಂದು ಬರೆದಿದ್ದೆನಲ್ಲ, ಏಳಲಿಲ್ಲ, ಎತ್ತಿದರು. ಎದೆ ಬೆನ್ನು ಬೆಚ್ಚಗಿದ್ದದ್ದು ನಿಜ. ಆದರೆ ಝಿಪ್ಪು ಬಿಚ್ಚಲು ಹೋದರೆ ಬೆರಳು ಬಾಗಲಿಲ್ಲ. ಹಗಲಿಡೀ ಸೂಜಿ ಹಿಡಿಯುವ ಬೆರಳುಗಳು ಇವು. ಭಾವ ಒಂದು ಕಡೆ, ಮೇಲ್ವಿಚಾರಕರು ಒಂದು ಕಡೆ ಹಿಡಿದು ನನ್ನನ್ನು ಮಗುವಿನ ಹಾಗೆ ಸೂಟಿನಿಂದ ಬಿಡಿಸಿದರು. ಮೇಲ್ವಿಚಾರಕರು ಭಲೇ ಎಂದದ್ದು ಝಿಪ್ಪು ಬಂತಲ್ಲ ಎಂದು. ಮನೆಗೆ ಬಂದ ಮೇಲೂ ಬಹಳ ಹೊತ್ತು ಲೋಟ ಹಿಡಿಯಲಾಗಲಿಲ್ಲ. ಇದನ್ನು ನಿನಗೆ ಬರೆಯಲು ನನಗೆ ಮನಸ್ಸಾಗಲಿಲ್ಲ. ಹಾಗಾಗಿ ನಿನ್ನ ಕೊಂಡಿಯ ವಿಷಯ ಓದಿದಾಗ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಡ್ರೈಸೂಟಿನೊಳಗೆ ಹಾಕಿಕೊಳ್ಳಲು ಒಂದು ಉಡುಪು ಹೊಲಿದಿದ್ದೇನೆ, ಜೊತೆಗೆ ಕಳಿಸುತ್ತಿದ್ದೇನೆ. ಒಳಗೆ ಮೆತ್ತನೆಯ ಹತ್ತಿ ಬಟ್ಟೆ, ನಡುವೆ ತುಪ್ಪುಳು, ಮೇಲೆ ಮತ್ತೊಂದು ಪದರ. ನಾನು ಉಳಿಸಿದ್ದು ಏನೂ ಇಲ್ಲ. ಇನ್ನು ಹೇಗೆ ಚಳಿಯಾಗುತ್ತದೋ ನೋಡುತ್ತೇನೆ.

ಅಕ್ಕ

* * *

ಜನವರಿ 13

ಅಕ್ಕ,

ನೀನು ಕಳಿಸಿದ್ದು ಉಡುಪಲ್ಲ, ಹಾಸಿಗೆ.

ಅದನ್ನು ತೊಟ್ಟು ಮೇಲೆ ಡ್ರೈಸೂಟು ಏರಿಸಲು ಇಬ್ಬರು ಬೇಕಾದರು. ಕೈ ಕೆಳಗೆ ಇಳಿಯುತ್ತಲೇ ಇರಲಿಲ್ಲ, ಎರಡೂ ಕಡೆ ಚಾಚಿಕೊಂಡೇ ದಡದವರೆಗೆ ನಡೆದೆ. ಗಡಿಯಾರ ಪಕ್ಕಕ್ಕೆ ತಿರುಗಿದರು. ತಲೆ ತಗ್ಗಿಸಿ ಕೈಗಡಿಯಾರ ನೋಡಿಕೊಳ್ಳುತ್ತಿದ್ದರು, ಭುಜ ಮಾತ್ರ ಅಲುಗುತ್ತಿತ್ತು.

ನೀರಿಗೆ ಬಿದ್ದೆ, ಮುಳುಗಲಿಲ್ಲ. ನೀನು ತುಂಬಿದ ತುಪ್ಪುಳಿನಲ್ಲಿ ಅಷ್ಟು ಗಾಳಿ. ಸೊಂಟದ ಪಟ್ಟಿಗೆ ಸೀಸದ ತುಂಡು ಸೇರಿಸುತ್ತಾ ಹೋದರು. ಸಿಹಿನೀರಿನಲ್ಲಿ ಮುಳುಗಲು ಸಮುದ್ರಕ್ಕಿಂತ ಕಡಿಮೆ ಸೀಸ ಸಾಕು, ಆದರೂ ನನ್ನ ಪಟ್ಟಿಯಲ್ಲಿ ಜಾಗವೇ ಉಳಿಯಲಿಲ್ಲ. ಕೊನೆಗೆ ಮುಳುಗಿದೆ. ಮುಳುಗಿದ ಮೇಲೆ ಎಲ್ಲೂ ತಿರುಗಲಾಗಲಿಲ್ಲ.

ನಗಬೇಡ ಎನ್ನುವುದಿಲ್ಲ, ನಗು. ಆದರೆ ಕೇಳು, ಎದೆಯಲ್ಲಿ ಚಳಿ ಇರಲಿಲ್ಲ. ಹಾಸಿಗೆ ಕೆಲಸ ಮಾಡಿತು. ಹೊತ್ತು ಕಳೆದ ಹಾಗೆ ಬೆನ್ನು ತಣ್ಣಗಾಯಿತು, ಅದಕ್ಕೆ ಕಾರಣ ನಿನ್ನ ಹತ್ತಿ. ದಡದಲ್ಲಿ ತೊಟ್ಟು ಒದ್ದಾಡುವಾಗ ಬೆವರಿದೆ, ಹತ್ತಿ ಆ ಬೆವರನ್ನು ಹೀರಿಕೊಂಡು ಹಾಗೇ ಹಿಡಿದುಕೊಂಡಿತು. ಒದ್ದೆಯಾದ ಮೇಲೂ ಬಿಸಿ ಬಿಡದ ಬಟ್ಟೆ ಮೈಗೆ ತಾಗಿರಬೇಕು. ಮೊಣಕೈ, ಮೊಣಕಾಲು, ಕಂಕುಳಲ್ಲಿ ತೆಳುವಾಗಿರಬೇಕು. ತಲೆಗೆ ದಪ್ಪ ರಬ್ಬರಿನ ಟೋಪಿ ಉಗ್ರಾಣದಲ್ಲೇ ಇದೆ, ಕೈಗವಸೂ ಇದೆ. ಕೈಗವಸು ತೀರ ದಪ್ಪವಾದರೆ ತಿರುಪು ಸಿಗುವುದಿಲ್ಲ, ಆದ್ದರಿಂದ ಮಧ್ಯಮದ್ದನ್ನು ಆರಿಸಿಕೊಂಡೆ.

ಪರೀಕ್ಷೆ ಫೆಬ್ರವರಿ 9ಕ್ಕೆ. ಹೊಸದೊಂದು ಹೊಲಿದು ಅದರ ಹಿಂದಿನ ಗಾಡಿಗೆ ಕಳಿಸಿದರೆ ಬಂದು ಸೇರುತ್ತದೆ. ಆದರೆ ನೀರಿನಲ್ಲಿ ತೊಟ್ಟು ನೋಡಲು ಸಮಯ ಇರುವುದಿಲ್ಲ. ನೀನು ಅಳತೆ ತಪ್ಪುವವಳಲ್ಲ ಎಂದು ನಂಬಿ ಇಳಿಯಬೇಕು. ಇಲ್ಲವಾದರೆ ಒಲೆಯ ಪಕ್ಕದಲ್ಲಿರುವವನೊಬ್ಬ ತನ್ನದು ಕೊಡುತ್ತೇನೆ ಎಂದಿದ್ದಾನೆ. ಅದು ನನಗೆ ಬಿಗಿ, ಆದರೆ ಹಲವು ಸಲ ತಳ ನೋಡಿ ಬಂದದ್ದು. ಯಾವುದು ಮಾಡಲಿ, ನೀನೇ ಹೇಳು.

ತಮ್ಮ

* * *

ಜನವರಿ 27

ಮರಿ,

ಭಾವ ನಿನ್ನ ಕಾಗದವನ್ನು ಅಂಗಡಿ ಮುಚ್ಚಿದ ಮೇಲೆ ಗಟ್ಟಿಯಾಗಿ ಓದಿದರು. ‘ಹಾಸಿಗೆ’ ಎಂದು ಬಂದ ಕಡೆ ನಿಲ್ಲಿಸಿ ಮತ್ತೊಮ್ಮೆ ಓದಿದರು. ನಮ್ಮಿಬ್ಬರಿಗೂ ವಾರಕ್ಕಾಗುವಷ್ಟು ನಗು ಸಿಕ್ಕಿದೆ.

ಹೊಸದು ಕಳಿಸಿದ್ದೇನೆ. ಮೈಗೆ ತಾಗುವ ಪದರ ಉಣ್ಣೆಯದು. ಉಣ್ಣೆ, ಹತ್ತಿ, ತುಪ್ಪುಳು ಮೂರನ್ನೂ ನೀರಲ್ಲಿ ನೆನೆಸಿ, ಹಿಂಡಿ, ಐಸಿನ ತುಂಡಿನ ಮೇಲೆ ಹಾಸಿ, ಮೇಲೆ ಕೈಯಿಟ್ಟು ನೋಡಿದೆ. ಹತ್ತಿಯ ಮೇಲೆ ಕೈ ಇಡಲಾಗಲಿಲ್ಲ. ಉಣ್ಣೆ ಗೆದ್ದಿತು. ಎದೆಗೂ ಸೊಂಟದ ಹಿಂದಕ್ಕೂ ಎರಡು ಪದರ, ಕಂಕುಳು ಮಂಡಿಗಳಿಗೆ ಒಂದೇ. ಹೊಲಿಗೆಯನ್ನು ಹೊರಮೈಗೆ ತಿರುಗಿಸಿದ್ದೇನೆ. ಬಿಗಿಯಾದ ಸೂಟಿನೊಳಗೆ ಹೊಲಿಗೆಯ ಗೆರೆ ಚರ್ಮಕ್ಕೆ ಒತ್ತಿದರೆ ಕೆಲಸದ ಮೇಲೆ ಮನಸ್ಸು ನಿಲ್ಲುವುದಿಲ್ಲ.

ಒಂದು ಮಾತ್ರ ನೀನು ಕೇಳದೇ ಮಾಡಿದ್ದೇನೆ. ಮೊಣಕೈಯಿಂದ ಮಣಿಕಟ್ಟಿನವರೆಗೆ ಇನ್ನೊಂದು ಪದರ ಉಣ್ಣೆ. ತೊಟ್ಟಿಯಲ್ಲಿ ಕೂತಿದ್ದಾಗ ನನ್ನ ಬೆರಳು ಹೋಗುವ ಮುಂಚೆ ಮುಂಗೈ ಹೋಗಿತ್ತು, ಅದು ಚೆನ್ನಾಗಿ ನೆನಪಿದೆ. ಬೆರಳಿಗೆ ಹೋಗುವ ರಕ್ತ ಆ ದಾರಿಯಲ್ಲೇ ಹೋಗಬೇಕಲ್ಲ. ದಾರಿ ತಣ್ಣಗಿದ್ದರೆ ಬೆರಳಿಗೆ ಗವಸು ಹಾಕಿ ಏನು ಬಂತು? ಇದು ನನಗೆ ಯಾರೂ ಕಲಿಸಿದ್ದಲ್ಲ, ಐಸು ಕಲಿಸಿದ್ದು.

ಯಾವುದು ತೊಡಲಿ ಎಂದು ಕೇಳಿದ್ದೀಯ. ಹೇಳುವುದಿಲ್ಲ. ನವೆಂಬರಿನಲ್ಲಾಗಿದ್ದರೆ ಪೆಟ್ಟಿಗೆಯ ಮೇಲೆಯೇ ಬರೆದು ಕಳಿಸುತ್ತಿದ್ದೆ. ನಾನು ಆ ನೀರನ್ನು ನೋಡಿಲ್ಲ, ನೀನು ನೋಡಿದ್ದೀಯ. ಪಕ್ಕದವನದ್ದನ್ನೇ ತೊಟ್ಟು ಇಳಿದರೂ ನನಗೆ ಬೇಸರವಿಲ್ಲ. ಇದನ್ನು ಬರೆಯುವಾಗ ಹಲ್ಲು ಕಚ್ಚಿಕೊಂಡಿದ್ದೇನೆ, ಆದರೂ ನಿಜವಾಗಿಯೇ ಬರೆದಿದ್ದೇನೆ.

ಅಕ್ಕ

* * *

ಫೆಬ್ರವರಿ 9

ಅಕ್ಕ,

ದಡದಲ್ಲಿ ಕೂತು ಬರೆಯುತ್ತಿದ್ದೇನೆ. ನೀರಿನಿಂದ ಈಗಷ್ಟೇ ಬಂದೆ, ಕೂದಲು ಇನ್ನೂ ಒದ್ದೆ. ಗಡಿಯಾರ ನನ್ನ ಕೈಗವಸು ಕಳಚಿಸಿ, ಪೆನ್ನು ಹಾಳೆ ಕೊಟ್ಟು, ‘ಯಾರಿಗಾದ್ರೂ ಏನಾದ್ರೂ ಬರಿ. ನನಗೆ ಓದೋಕೆ ಬಂದ್ರೆ ಪಾಸು’ ಎಂದರು. ಕೊಂಡಿ ಬಿಚ್ಚುವುದು ಅರ್ಧ ಪರೀಕ್ಷೆಯಂತೆ. ಕೆಲಸ ಮುಗಿದ ಮೇಲೂ ಕೈ ಕೈಯಾಗಿ ಉಳಿದಿರಬೇಕಂತೆ. ಆದ್ದರಿಂದ ಅಕ್ಷರ ಗುಂಡಗೆ ಬರೆಯುತ್ತಿದ್ದೇನೆ.

ಬೆಳಿಗ್ಗೆ ಎಲ್ಲರೆದುರು ನಿಲ್ಲಿಸಿ, ಏನು ತೊಟ್ಟಿದ್ದೀಯ, ಯಾಕೆ ಎಂದು ಕೇಳಿದರು. ಹೇಳಿದೆ. ಹೊರಗೆ ಉಗ್ರಾಣದ ಡ್ರೈಸೂಟು, ಯಾಕೆಂದರೆ ಆಳದಲ್ಲಿ ನನ್ನ ರಬ್ಬರು ಅರ್ಧಕ್ಕಿಂತ ಕಡಿಮೆಯಾಗುವುದನ್ನು ನಾನೇ ಅಳೆದು ನೋಡಿದ್ದೇನೆ. ಒಳಗೆ ಉಣ್ಣೆ, ಒದ್ದೆಯಾದರೂ ಬಿಸಿ ಬಿಡುವುದಿಲ್ಲ ಎಂದು. ನೀರಿನಲ್ಲಿ ಒಮ್ಮೆಯೂ ತೊಡದ ಉಡುಪನ್ನು ಪರೀಕ್ಷೆಯ ದಿನ ತೊಡುವುದೇ ಎಂದರು. ‘ಹೊಲಿದವರ ಕೈ ನನಗೆ ಗೊತ್ತು’ ಎಂದೆ. ಅದು ಕಾರಣವಲ್ಲ ಎಂದರು. ಆಗ ಮುಂಗೈಯ ವಿಷಯ ಹೇಳಿದೆ, ತೊಟ್ಟಿಯ ಕಥೆ ಸಮೇತ. ಅವರು ‘ಇದು ಕಾರಣ’ ಎಂದರು.

ಇಳಿದೆ. ಚಳಿಯ ಬಾಗಿಲು ದಾಟಿದಾಗ ಕೆನ್ನೆಗೆ ಹೊಡೆದ ಹಾಗಾಯಿತು, ಕೆನ್ನೆಗೆ ಮಾತ್ರ. ಪಂಜರ ಸಿಕ್ಕಿತು. ತಿರುಪು ಬಿಗಿಯಾಗಿತ್ತು, ಹೋದ ಸಲಕ್ಕಿಂತ ಬಿಗಿ, ಗಡಿಯಾರವೇ ಬಿಗಿ ಮಾಡಿಸಿದ್ದರಂತೆ. ಶಕ್ತಿ ಹಾಕಿ ಹಿಡಿದಾಗ ಮಣಿಕಟ್ಟಿನ ನರಗಳು ಎದ್ದು ನಿಂತವು, ರಬ್ಬರಿನ ಬಿಗಿಪಟ್ಟಿಗೂ ಚರ್ಮಕ್ಕೂ ನಡುವೆ ಸಂದಾಯಿತು. ನೀರು ಒಳಗೆ ನುಗ್ಗಿತು. ಬಲಗೈ ಮೊಣಕೈಯವರೆಗೆ ಒದ್ದೆ. ಮುಗಿಯಿತು ಎಂದುಕೊಂಡೆ, ಅಕ್ಕ. ಹೋದ ಸಲದ ಬೆರಳುಗಳೇ ಕಣ್ಣಿಗೆ ಕಟ್ಟಿದವು. ಕಾದೆ, ಕೈ ಸತ್ತುಹೋಗಲಿ ಎಂದೇ ಕಾದ ಹಾಗೆ. ಸಾಯಲಿಲ್ಲ. ಒದ್ದೆ ಉಣ್ಣೆ ಮೊದಲು ತಣ್ಣಗೆ ಅಂಟಿಕೊಂಡಿತು, ಆಮೇಲೆ ಮೆಲ್ಲಗೆ ಬೆಚ್ಚಗಾಯಿತು. ಬೆರಳು ಮಡಚಿದೆ, ಮಡಚಿದವು. ತಿರುಪು ತಿರುಗಿತು.

ಗೊಂಬೆಯನ್ನು ಎತ್ತಿಕೊಂಡು ಬರುವಾಗ ನಾನು ನೀರಿನೊಳಗೇ ಏನೋ ಕೂಗಿದೆ. ಗುಳ್ಳೆ ಬಿಟ್ಟು ಬೇರೇನೂ ಬರಲಿಲ್ಲ. ಏನು ಕೂಗಿದೆ ಎಂದು ಜೊತೆಗಿದ್ದವನು ಕೇಳುತ್ತಿದ್ದಾನೆ, ಹೇಳಿಲ್ಲ.

ಈಗ ಗಡಿಯಾರ ಹಾಳೆ ತೆಗೆದುಕೊಂಡು ಇಲ್ಲಿಯವರೆಗೆ ಓದಿದರು. ತಮ್ಮನ್ನು ಬೆನ್ನ ಹಿಂದೆ ಏನೆನ್ನುತ್ತೇವೆ ಎಂದು ಅವರಿಗೆ ಇವತ್ತು ಗೊತ್ತಾಯಿತು. ಒತ್ತಕ್ಷರ ಕೆಟ್ಟದಾಗಿದೆ ಎಂದರು. ‘ಆದ್ರೆ ಓದೋಕೆ ಬಂತು’ ಎಂದರು.

ನಾಳೆಯಿಂದ ನಾನು ನೀರಿನ ಸರದಿಯಲ್ಲಿ.

ನಿನ್ನ ತಮ್ಮ

* * *

ಫೆಬ್ರವರಿ 20

ಮರಿ,

ನಿನ್ನ ಒತ್ತಕ್ಷರ ಮೊದಲಿನಿಂದಲೂ ಹಾಗೇ, ಅದಕ್ಕೆ ಚಳಿಯನ್ನು ದೂರಬೇಡ.

ಕಾಗದವನ್ನು ಎಷ್ಟು ಸಲ ಓದಿದೆ ಎಂದು ಹೇಳುವುದಿಲ್ಲ, ನಿನಗೆ ಕೊಬ್ಬು ಬರುತ್ತದೆ. ತಿರುಪು ತಿರುಗಿತು ಎಂಬ ಕಡೆ ಭಾವ ಕನ್ನಡಕ ತೆಗೆದು ಒರೆಸಿಕೊಂಡರು. ಗಾಜು ಮಂಜಾಗಿದೆಯಂತೆ. ಅಂಟಿನ ಹೊಗೆಯಂತೆ. ಅಂದು ಅಂಗಡಿಯಲ್ಲಿ ಅಂಟಿನ ಡಬ್ಬಿ ತೆಗೆದೇ ಇರಲಿಲ್ಲ.

ನನಗೆ ನಿನ್ನ ಬಗ್ಗೆ ಹೆಮ್ಮೆ. ನನ್ನ ಬಗ್ಗೆಯೂ ಹೆಮ್ಮೆ, ಅದನ್ನು ಯಾಕೆ ಮುಚ್ಚಿಡಲಿ. ಒಂದು ವಿಷಯ ನಿನಗೆ ತಿಳಿಸಬೇಕು. ಮೊನ್ನೆ ಹಡಗಿನ ತಳ ಕೆರೆಯುವವರು ಅಂಗಡಿಗೆ ಬಂದಿದ್ದರು. ಅವರಲ್ಲಿ ಹಿರಿಯರೊಬ್ಬರು, ನಿಮ್ಮ ತಮ್ಮ ಆ ಸೂಟು ತೊಟ್ಟೇ ಗೆದ್ದನಂತಲ್ಲ ಎಂದರು. ಊರಿಡೀ ಹಾಗೇ ಸುದ್ದಿಯಾಗಿದೆ. ಹೂಂ ಎಂದುಬಿಟ್ಟಿದ್ದರೆ ನಡೆಯುತ್ತಿತ್ತು, ಯಾರೂ ಅಷ್ಟು ದೂರ ಬಂದು ನೋಡುವವರಿಲ್ಲ. ಭಾವ ನನ್ನ ಮುಖವನ್ನೇ ನೋಡುತ್ತಿದ್ದರು.

ಕತ್ತರಿ ಕೆಳಗಿಟ್ಟು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ‘ಇಲ್ಲ, ನಾನು ಹೊಲಿದ ಸೂಟು ಬೇಡ ಅಂದ. ಅಕ್ಕನಿಗೂ ಬೇಡ ಅನ್ನೋವಷ್ಟು ಚೆನ್ನಾಗಿ ನನ್ನ ತಮ್ಮನಿಗೆ ಆ ನೀರು ಗೊತ್ತು.’

ಅಕ್ಕ